ಕೀ ಹಿಂದಿನ ಸ್ವಿಚ್: ಹಳೆಯ ಪೋರ್ಷೆಯಲ್ಲಿ ಇಗ್ನಿಷನ್ ಬದಲಿಸೋದು ಹೇಗೆ, ಯಾಕೆ?

ಒಂದು ಕಾರು ಇದೆ ಅಂದ್ಕೊಳ್ಳಿ. ಕೀ ತಿರುಗಿಸಿದ್ರೆ ಎಂಜಿನ್ ಸ್ಟಾರ್ಟ್ ಆಗುತ್ತೆ. ಆದ್ರೆ ಎಸಿ ಫ್ಯಾನ್ ತಿರುಗೋಲ್ಲ, ವೈಪರ್ ಅಲ್ಲಾಡೋಲ್ಲ. ಕೀಯನ್ನ ಎರಡು ಬೆರಳಲ್ಲಿ ಹಿಡ್ಕೊಂಡು ಒಂಚೂರು ಹಿಂದಕ್ಕೆ ಒತ್ತಿದ್ರೆ ಎಲ್ಲದಕ್ಕೂ ಒಟ್ಟಿಗೆ ಜೀವ ಬರುತ್ತೆ. ಬ್ಯಾಟರಿ ಹೊಸದು, ಫ್ಯೂಸ್ ಒಂದೂ ಸುಟ್ಟಿಲ್ಲ. ಹಾಗಾದ್ರೆ ತೊಂದರೆ ಎಲ್ಲಿದೆ?

ಪೋರ್ಷೆ ಬಾಕ್ಸ್‌ಸ್ಟರ್‌ನ ಮೊದಲ ತಲೆಮಾರು, ಅಂದ್ರೆ 1996ರಿಂದ 2004ರವರೆಗೆ ತಯಾರಾದ, ಕಂಪನಿಯೊಳಗೆ 986 ಅಂತ ಕರೆಯುವ ಕಾರು ಇಟ್ಟುಕೊಂಡವರಿಗೆ ಇದು ಚಿರಪರಿಚಿತ ಕಾಯಿಲೆ. ಅದರ ಅಣ್ಣನಂಥ 996 ಮಾದರಿಯ 911ಕ್ಕೂ ಇದೇ ಕಾಯಿಲೆ ಬರುತ್ತೆ. ಕಾರಣ ಇಗ್ನಿಷನ್ ಸ್ವಿಚ್. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಒಂದು ಪ್ಲಾಸ್ಟಿಕ್ ತುಂಡು.

ನಮ್ಮಲ್ಲಿ ಯಾರ ಹತ್ರಾನೂ ಪೋರ್ಷೆ ಇಲ್ಲ, ಸದ್ಯಕ್ಕೆ ಬರೋ ಲಕ್ಷಣಾನೂ ಇಲ್ಲ! ಆದ್ರೂ ಈ ವಿಷಯ ಆರಿಸಿಕೊಳ್ಳೋಕೆ ಎರಡು ಕಾರಣ ಇವೆ. ಒಂದು, ನಾವು ಬೇರೆ ಬೇರೆ ಪೇಪರಲ್ಲಿ ಓದೋ ಸಂಗತಿಗಳು, ಅಂದ್ರೆ ಸಂಪರ್ಕ ರೋಧ, ಇಂಡಕ್ಟೆನ್ಸ್, ಟಾರ್ಕ್, ಸ್ಪ್ರಿಂಗ್, ಎಲ್ಲಾ ಈ ಒಂದೇ ತುಂಡಿನಲ್ಲಿ ಸಿಗುತ್ತವೆ. ಎರಡನೆಯದು, ಇಂಥದ್ದೇ ಒಂದು ಸ್ವಿಚ್ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರ ಸಾವಿಗೆ ಕಾರಣ ಆಯ್ತು. ಅದರಲ್ಲಿ ಎಂಜಿನಿಯರ್ ಆಗಲಿರೋ ನಮಗೆ ಒಂದು ಪಾಠ ಇದೆ. ಮೊದಲು ರಿಪೇರಿ, ಆಮೇಲೆ ಆ ಕಥೆ.

ಬೀಗ ಬೇರೆ, ಸ್ವಿಚ್ ಬೇರೆ

ಕೀ ಹಾಕುವ ಜಾಗವನ್ನೇ ನಾವೆಲ್ಲ ಇಗ್ನಿಷನ್ ಸ್ವಿಚ್ ಅಂತೀವಿ. ನಿಜಕ್ಕೂ ಅಲ್ಲಿ ಮೂರು ವಸ್ತುಗಳು ಸಾಲಾಗಿ ಕೂತಿರುತ್ತವೆ. ಮುಂದೆ ಬೀಗದ ಸಿಲಿಂಡರ್: ಸರಿಯಾದ ಕೀ ಬಂದಿದೆಯಾ ಅಂತ ನೋಡೋದು ಅದರ ಕೆಲಸ. ಅದಕ್ಕೆ ಸೇರಿಕೊಂಡು ಸ್ಟೀರಿಂಗ್ ಲಾಕ್: ಕೀ ತೆಗೆದಾಗ ಸ್ಟೀರಿಂಗ್ ತಿರುಗದ ಹಾಗೆ ಒಂದು ಲೋಹದ ತುಂಡು ಹೊರಗೆ ಬರುತ್ತೆ. ಎಲ್ಲಕ್ಕಿಂತ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ, ವಿದ್ಯುತ್ ಸ್ವಿಚ್ ಇರುತ್ತೆ. ಬೀಗ ತಿರುಗಿದಾಗ ಅದರ ಹಿಂದಿನ ತುದಿ ಈ ಸ್ವಿಚ್ಚನ್ನ ತಿರುಗಿಸುತ್ತೆ, ಅಷ್ಟೇ ಸಂಬಂಧ.

ಈ ವ್ಯತ್ಯಾಸ ಗೊತ್ತಿದ್ರೆ ದುಡ್ಡು ಉಳಿಯುತ್ತೆ. ಬಾಕ್ಸ್‌ಸ್ಟರ್‌ನಲ್ಲಿ ಸಾಮಾನ್ಯವಾಗಿ ಕೈಕೊಡೋದು ಬೀಗ ಅಲ್ಲ, ಹಿಂದಿನ ಸ್ವಿಚ್. ಬೀಗ ಸಮೇತ ಇಡೀ ಜೋಡಣೆ ಬದಲಿಸಿದ್ರೆ ಖರ್ಚು ಹಲವು ಪಟ್ಟು, ಕೆಲಸವೂ ಜಾಸ್ತಿ. ಸ್ವಿಚ್ ಮಾತ್ರ ಬದಲಿಸಿದ್ರೆ ಹಳೇ ಕೀಯೇ ನಡೆಯುತ್ತೆ. ಕೀಯೊಳಗಿನ ಚಿಪ್ ಓದುವ ಆಂಟೆನಾ ಬೀಗದ ಸುತ್ತ ಇರೋದ್ರಿಂದ ಇಮ್ಮೊಬಿಲೈಸರ್ ತಂಟೆಗೂ ಹೋಗಬೇಕಾಗಿಲ್ಲ.

30, 15, 50 ಮತ್ತು ಎಕ್ಸ್

ಜರ್ಮನ್ ಕಾರುಗಳ ವೈರಿಂಗ್ ಚಿತ್ರ ನೋಡಿದ್ರೆ ವೈರ್‌ಗಳಿಗೆ ಸಂಖ್ಯೆಗಳಿರುತ್ತವೆ. ಇವು ಡಿಐಎನ್ 72552 ಅನ್ನೋ ಮಾನದಂಡದಿಂದ ಬಂದವು. ನಮಗೆ ನಾಲ್ಕು ಸಾಕು. 30 ಅಂದ್ರೆ ಬ್ಯಾಟರಿಯ ಪಾಸಿಟಿವ್‌ನಿಂದ ನೇರ ಬಂದದ್ದು, ಯಾವಾಗಲೂ ಕರೆಂಟ್ ಇರುತ್ತೆ. 15 ಅಂದ್ರೆ ಕೀ ಆನ್ ಆದಾಗ ಕರೆಂಟ್ ಬರೋದು, ಎಂಜಿನ್ ಕಂಪ್ಯೂಟರ್‌ನಂಥ ಮುಖ್ಯ ಭಾಗಗಳಿಗೆ. 50 ಅಂದ್ರೆ ಸ್ಟಾರ್ಟರ್‌ಗೆ ಹೋಗೋ ಆಜ್ಞೆ. ಎಕ್ಸ್ ಅನ್ನೋದು ಸ್ವಲ್ಪ ವಿಶೇಷ: ಕೀ ಆನ್ ಇದ್ದಾಗ ಇದರಲ್ಲಿ ಕರೆಂಟ್ ಇರುತ್ತೆ, ಆದ್ರೆ ಸ್ಟಾರ್ಟರ್ ತಿರುಗೋ ಆ ಒಂದೆರಡು ಸೆಕೆಂಡ್ ಮಾತ್ರ ಕಟ್ ಆಗುತ್ತೆ.

ಯಾಕೆ? ಕಾರಿನ ಸ್ಟಾರ್ಟರ್ ಮೋಟರ್ ನೂರು ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತೆ. ಆ ಹೊತ್ತಲ್ಲಿ ಎಸಿ ಫ್ಯಾನ್, ವೈಪರ್ ಎಲ್ಲಾ ಬ್ಯಾಟರಿ ಮೇಲೆ ಕೂತಿದ್ರೆ ಸ್ಟಾರ್ಟರ್‌ಗೆ ಸಾಕಷ್ಟು ವೋಲ್ಟೇಜ್ ಸಿಗೋಲ್ಲ. ಹಾಗಾಗಿ ಭಾರದ ಉಪಕರಣಗಳನ್ನೆಲ್ಲ ಎಕ್ಸ್ ಸಾಲಿಗೆ ಹಾಕಿ, ಸ್ಟಾರ್ಟ್ ಮಾಡೋ ಹೊತ್ತು ಮಾತ್ರ ಅವನ್ನ ಸುಮ್ಮನಿರಿಸುತ್ತಾರೆ. ಕೈ ಬಿಟ್ಟ ತಕ್ಷಣ ಸ್ಪ್ರಿಂಗ್ ಕೀಯನ್ನ ಸ್ಟಾರ್ಟ್‌ನಿಂದ ಆನ್‌ಗೆ ವಾಪಸ್ ತರುತ್ತೆ, ಎಕ್ಸ್ ಸಾಲು ಮತ್ತೆ ಸೇರಿಕೊಳ್ಳುತ್ತೆ.

ಈಗ ಮೊದಲಿನ ಒಗಟು ಬಿಡಿಸಿ. ಎಂಜಿನ್ ಓಡ್ತಿದೆ, ಅಂದ್ರೆ 15 ಸರಿ ಇದೆ. ಫ್ಯಾನ್, ವೈಪರ್ ಇಲ್ಲ, ಅಂದ್ರೆ ಎಕ್ಸ್ ಕಟ್ ಆಗೇ ಉಳಿದಿದೆ. ಸ್ವಿಚ್ ಸ್ಟಾರ್ಟ್‌ನಿಂದ ಪೂರ್ತಿ ವಾಪಸ್ ಬಂದಿಲ್ಲ, ನಡುದಾರಿಯಲ್ಲಿ ನಿಂತಿದೆ. ಕೀಯನ್ನ ಬೆರಳಲ್ಲಿ ಹಿಂದಕ್ಕೆ ಒತ್ತಿದಾಗ ನಾವು ಮಾಡ್ತಿರೋದು ಸ್ಪ್ರಿಂಗ್ ಮಾಡಬೇಕಿದ್ದ ಕೆಲಸ.

ಯಾಕೆ ಸವೆಯುತ್ತೆ?

ನಾವು ಗುಜರಿಗೆ ಹೋಗಬೇಕಿದ್ದ ಒಂದು ಹಳೇ ಸ್ಕೂಟರಿನ ಸ್ವಿಚ್ ತಂದು ಬಿಚ್ಚಿ ನೋಡಿದ್ವಿ. ಒಳಗೆ ಇದ್ದದ್ದು ಹಿತ್ತಾಳೆಯ ಪುಟ್ಟ ಪಟ್ಟಿಗಳು, ಒಂದು ಪ್ಲಾಸ್ಟಿಕ್ ಚಕ್ರ, ಗಟ್ಟಿಯಾದ ಗ್ರೀಸ್. ಪಟ್ಟಿಗಳ ಅಂಚು ಕಪ್ಪಾಗಿತ್ತು. ಕಾರಿನ ಸ್ವಿಚ್ ಇದಕ್ಕಿಂತ ದೊಡ್ಡದು, ಆದ್ರೆ ಸಾಯೋ ರೀತಿ ಹೆಚ್ಚುಕಮ್ಮಿ ಒಂದೇ.

ಮೊದಲನೆಯದು ಕಿಡಿ. ಸ್ಟಾರ್ಟರಿನ ಸೊಲೆನಾಯ್ಡ್, ರಿಲೇ ಇವೆಲ್ಲ ಸುರುಳಿಗಳು. ಸುರುಳಿಯಲ್ಲಿ ಹರೀತಿರೋ ಕರೆಂಟನ್ನ ಥಟ್ ಅಂತ ಕಡಿದ್ರೆ ಎಲ್ ಗುಣಿಸು ಡಿಐ/ಡಿಟಿ ಪ್ರಕಾರ ವೋಲ್ಟೇಜ್ ಏರುತ್ತೆ. ಬ್ಯಾಟರಿ 12 ವೋಲ್ಟೇ ಆದ್ರೂ ಸ್ವಿಚ್ಚಿನ ಬಾಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬಂದು ಕಿಡಿ ಹಾರುತ್ತೆ. ದಿನಕ್ಕೆ ನಾಲ್ಕು ಸಲ ಸ್ಟಾರ್ಟ್ ಮಾಡೋ ಕಾರು ಇಪ್ಪತ್ತು ವರ್ಷದಲ್ಲಿ ಸುಮಾರು 29,000 ಸಲ ಹೀಗೆ ಕಿಡಿ ಕಂಡಿರುತ್ತೆ.

ಎರಡನೆಯದು ಶಾಖ. ಸುಟ್ಟ ಮೇಲ್ಮೈಯ ಸಂಪರ್ಕ ರೋಧ ಹೆಚ್ಚಾಗುತ್ತೆ. ಲೆಕ್ಕ ಹಾಕೋಣ: 20 ಆಂಪಿಯರ್ ಹರಿಯೋ ಜಾಗದಲ್ಲಿ ರೋಧ 0.001 ಓಮ್ ಇದ್ರೆ ಹುಟ್ಟೋ ಶಾಖ 0.4 ವ್ಯಾಟ್, ಗೊತ್ತೂ ಆಗೋಲ್ಲ. ಅದೇ ರೋಧ 0.1 ಓಮ್ ಆದ್ರೆ 40 ವ್ಯಾಟ್! ನಮ್ಮ ಲ್ಯಾಬಿನ ಸೋಲ್ಡರಿಂಗ್ ಐರನ್ ಬರೀ 25 ವ್ಯಾಟಿನದು. ಪ್ಲಾಸ್ಟಿಕ್ ಡಬ್ಬಿಯೊಳಗೆ ಸೋಲ್ಡರಿಂಗ್ ಐರನ್ ಇಟ್ಟ ಹಾಗಾಯ್ತು. ಜೊತೆಗೆ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತೆ.

ಮೂರನೆಯದು ಬರೀ ಯಾಂತ್ರಿಕ ಸವೆತ. ಬಿಸಿ ಆಗಿ ಆರಿ ಪ್ಲಾಸ್ಟಿಕ್ ಪೆಡಸಾಗುತ್ತೆ, ಬಿರುಕು ಬಿಡುತ್ತೆ. ಬಿರುಕು ಬಿಟ್ಟ ಚಕ್ರ ಬೀಗದ ತಿರುಗುವಿಕೆಯನ್ನ ಪೂರ್ತಿ ದಾಟಿಸೋಲ್ಲ. ಇದನ್ನ ಹಾಗೇ ಬಿಟ್ಟರೆ ಇನ್ನೊಂದು ಅಪಾಯ ಇದೆ: ಸ್ವಿಚ್ ಸ್ಟಾರ್ಟ್‌ನಲ್ಲೇ ಸಿಕ್ಕಿಕೊಂಡ್ರೆ ಎಂಜಿನ್ ಓಡ್ತಿರುವಾಗಲೂ ಸ್ಟಾರ್ಟರ್‌ಗೆ ಕರೆಂಟ್ ಹೋಗ್ತಾನೇ ಇರುತ್ತೆ. ಸ್ಟಾರ್ಟರ್ ಸುಡೋಕೆ ಹೆಚ್ಚು ಹೊತ್ತು ಬೇಡ.

ಬಿಚ್ಚೋ ಮುಂಚೆ ಖಚಿತ ಮಾಡ್ಕೊಳ್ಳಿ

ಸ್ಟಾರ್ಟ್ ಆಗದ ಕಾರಿನ ತಪ್ಪೆಲ್ಲ ಇಗ್ನಿಷನ್ ಸ್ವಿಚ್ಚಿನದ್ದೇ ಅಲ್ಲ. ಬ್ಯಾಟರಿ, ಸೊಲೆನಾಯ್ಡ್, ಕ್ಲಚ್ ಪೆಡಲ್ ಸ್ವಿಚ್, ಇಮ್ಮೊಬಿಲೈಸರ್ ಯಾವುದಾದ್ರೂ ಆಗಿರಬಹುದು. ಕೀ ತಿರುಗೋದೇ ಇಲ್ಲ ಅಂದ್ರೆ ಅದು ಬೀಗದ ಅಥವಾ ಸ್ಟೀರಿಂಗ್ ಲಾಕಿನ ತೊಂದರೆ. ಮೊದಲು ಸ್ಟೀರಿಂಗನ್ನ ಅತ್ತಿತ್ತ ಅಲ್ಲಾಡಿಸಿ ಕೀ ತಿರುಗಿಸಿ ನೋಡಿ.

ಮಲ್ಟಿಮೀಟರ್ ಇದ್ರೆ ಓಮ್ ಮೋಡಿನಲ್ಲಿ ಅಳೀಬೇಡಿ. ಮೀಟರ್ ಕಳಿಸೋ ಕರೆಂಟ್ ತುಂಬಾ ಕಡಿಮೆ, ಅದಕ್ಕೆ ಸುಟ್ಟ ಸಂಪರ್ಕವೂ ಒಳ್ಳೆಯದಾಗೇ ಕಾಣಬಹುದು. ಬದಲಿಗೆ ಫ್ಯಾನ್, ವೈಪರ್ ಎಲ್ಲಾ ಹಾಕಿ, ಭಾರ ಇರುವಾಗ ಸ್ವಿಚ್ಚಿನ 30ಕ್ಕೂ ಎಕ್ಸ್‌ಗೂ ನಡುವೆ ವೋಲ್ಟೇಜ್ ಅಳೀರಿ. ಒಳ್ಳೆಯ ಸ್ವಿಚ್ಚಿನಲ್ಲಿ ಅದು ಸೊನ್ನೆಗೆ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದ್ರೆ ಅನುಮಾನ ಪಡಿ. ಕೀ ಒಂಚೂರು ಅಲ್ಲಾಡಿಸಿದಾಗ ಆ ಅಂಕಿ ಕುಣಿದ್ರೆ ಅನುಮಾನವೇ ಬೇಡ.

ಬದಲಿಸೋ ಕೆಲಸ

ಇದು ಕಷ್ಟದ ಕೆಲಸ ಅಲ್ಲ, ಇಕ್ಕಟ್ಟಿನ ಕೆಲಸ. ಅರ್ಧ ಹೊತ್ತು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಮಲಗಿರಬೇಕು.

1. ಬಾಕ್ಸ್‌ಸ್ಟರ್‌ನ ಎಂಜಿನ್ ಸೀಟಿನ ಹಿಂದೆ, ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿ. 10 ಮಿಲಿಮೀಟರ್ ಸ್ಪ್ಯಾನರ್‌ನಲ್ಲಿ ನೆಗೆಟಿವ್ ವೈರ್ ಬಿಚ್ಚಿ ಪಕ್ಕಕ್ಕಿಡಿ. 30ರಲ್ಲಿ ಯಾವಾಗಲೂ ಕರೆಂಟ್ ಇರುತ್ತೆ ಅಂದ್ವಲ್ಲ, ಅದಕ್ಕೇ ಈ ಹಂತ ಬಿಡೋ ಹಾಗಿಲ್ಲ. ಒಂದು ಎಚ್ಚರ: ಈ ಸಾಲಿನ ನಂತರದ ವರ್ಷಗಳ ಕಾರುಗಳಲ್ಲಿ ಮುಂದಿನ ಡಿಕ್ಕಿ ತೆರೆಯೋದೂ ಕರೆಂಟಿನಿಂದಲೇ. ಬ್ಯಾಟರಿ ಬಿಚ್ಚಿ ಡಿಕ್ಕಿ ಮುಚ್ಚಿಬಿಟ್ಟರೆ ಮತ್ತೆ ತೆರೆಯೋದು ಪಜೀತಿ. ಕೆಲಸ ಮುಗಿಯೋ ತನಕ ತೆರೆದೇ ಇಡಿ.

2. ಕೀ ಹಾಕುವ ಜಾಗದ ಹಿಂದೆ, ಡ್ಯಾಶ್ ಕೆಳಗಿನಿಂದ ಕೈ ಹಾಕಬೇಕು. ಕಾಲಿನ ಕಡೆ ಗಾಳಿ ಕಳಿಸೋ ಪ್ಲಾಸ್ಟಿಕ್ ಡಕ್ಟ್ ಅಡ್ಡ ಬರುತ್ತೆ, ಅದನ್ನ ತೆಗೀರಿ. ಹಳದಿ ಕನೆಕ್ಟರ್ ಏನಾದ್ರೂ ಕಂಡ್ರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ.

3. ಸ್ವಿಚ್ಚಿನ ಹಿಂದಿನ ದೊಡ್ಡ ಕನೆಕ್ಟರನ್ನ ನೇರವಾಗಿ ಎಳೆದು ತೆಗೀರಿ. ಅದರ ಪಿನ್‌ಗಳ ಸುತ್ತ ಪ್ಲಾಸ್ಟಿಕ್ ಕರಗಿದೆಯಾ, ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ಕರಗಿದ್ರೆ ಸ್ವಿಚ್ ಒಂದೇ ಬದಲಿಸಿ ಪ್ರಯೋಜನ ಇಲ್ಲ, ಹೊಸ ಸ್ವಿಚ್ಚೂ ಹಾಗೇ ಸುಡುತ್ತೆ.

4. ಸ್ವಿಚ್ಚನ್ನ ಎರಡು ಪುಟ್ಟ ಸ್ಕ್ರೂಗಳು ಹಿಡಿದಿರುತ್ತವೆ. ಕಾರ್ಖಾನೆಯಲ್ಲಿ ಅವುಗಳ ಮೇಲೆ ಬಣ್ಣ ಹಚ್ಚಿ ಮುಚ್ಚಿರ್ತಾರೆ, ಅಲುಗಾಟಕ್ಕೆ ಸಡಿಲ ಆಗಬಾರದು ಅಂತ. ಬಣ್ಣ ಕೆರೆದು, ಗಡಿಯಾರ ರಿಪೇರಿಯವರು ಬಳಸೋ ಥರದ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್‌ನಲ್ಲಿ ಸಡಿಲ ಮಾಡಿ. ಪೂರ್ತಿ ಬಿಚ್ಚಬೇಡಿ, ಕೆಳಗೆ ಬಿದ್ರೆ ಹುಡುಕೋಕೇ ಒಂದು ಸಂಜೆ ಬೇಕು. ಸಣ್ಣ ಕನ್ನಡಿ, ಟಾರ್ಚ್ ಇಟ್ಕೊಳ್ಳಿ.

5. ಹಳೇ ಸ್ವಿಚ್ಚನ್ನ ಹಿಂದಕ್ಕೆ ಎಳೀರಿ. ಈಗ ಕೀ ತಿರುಗಿಸಬೇಡಿ. ಕೀ ಯಾವ ಸ್ಥಾನದಲ್ಲಿದೆಯೋ ಹೊಸ ಸ್ವಿಚ್ಚಿನ ತಿರುಗೋ ಭಾಗವೂ ಅದೇ ಸ್ಥಾನದಲ್ಲಿರಬೇಕು. ಹಳೆಯದನ್ನ ಪಕ್ಕದಲ್ಲಿಟ್ಟು ನೋಡಿ ಹೊಂದಿಸಿ. ಹೊಂದಿದ್ರೆ ಸಲೀಸಾಗಿ ಕೂರುತ್ತೆ. ಕೂರದಿದ್ರೆ ಬಲ ಹಾಕೋದಲ್ಲ, ಕೋನ ಸರಿಮಾಡೋದು.

6. ಸ್ಕ್ರೂ ಬಿಗಿ ಮಾಡಿ, ಮೇಲೆ ಒಂದು ತೊಟ್ಟು ಬಣ್ಣ ಹಚ್ಚಿ. ಕನೆಕ್ಟರ್ ಕೂಡಿಸಿ, ಬ್ಯಾಟರಿ ಸೇರಿಸಿ.

7. ಡಕ್ಟ್ ವಾಪಸ್ ಹಾಕೋ ಮುಂಚೆ ಪರೀಕ್ಷೆ ಮಾಡಿ. ಪ್ರತಿ ಸ್ಥಾನದಲ್ಲೂ ಕಟ್ ಅಂತ ಸ್ಪಷ್ಟವಾಗಿ ನಿಲ್ಲುತ್ತಾ? ಸ್ಟಾರ್ಟ್‌ನಿಂದ ಕೈ ಬಿಟ್ಟ ತಕ್ಷಣ ತಾನೇ ವಾಪಸ್ ಬರುತ್ತಾ? ಫ್ಯಾನ್, ವೈಪರ್ ಬಂತಾ? ಆಫ್ ಮಾಡಿದ್ರೆ ಕೀ ಹೊರಗೆ ಬರುತ್ತಾ, ಸ್ಟೀರಿಂಗ್ ಲಾಕ್ ಆಗುತ್ತಾ? ಎಲ್ಲಾ ಹೌದು ಅಂದ್ರೆ ಮಾತ್ರ ಮುಚ್ಚಿ. ಬ್ಯಾಟರಿ ಬಿಚ್ಚಿದ್ದರಿಂದ ರೇಡಿಯೋ ಕೋಡ್ ಕೇಳಬಹುದು, ಅದನ್ನ ಮೊದಲೇ ಹುಡುಕಿಟ್ಟಿರಿ.

ಕೊನೆಯ ಅಕ್ಷರದ ಮಹತ್ವ

ಇಷ್ಟೆಲ್ಲ ಮಾಡೋಕೆ ಹೊಸ ಸ್ವಿಚ್ ಎಲ್ಲಿಂದ? ಇಲ್ಲೊಂದು ಮಜಾ ಇದೆ. ಪೋರ್ಷೆಯ ಈ ಸ್ವಿಚ್ಚಿಗೆ ಹೊಂದೋ ತುಂಡು ಆಡಿ ಮತ್ತು ಫೋಕ್ಸ್‌ವ್ಯಾಗನ್ ಕಾರುಗಳಲ್ಲೂ ಇದೆ. ಅದರ ಸಂಖ್ಯೆ 4ಎ0 905 849 ಬಿ. ಕಾರು ಸ್ಪೋರ್ಟ್ಸ್ ಕಾರು, ಸ್ವಿಚ್ ಮಾತ್ರ ಸಂಸಾರಸ್ಥರ ಕಾರಿನದು! ಇದು ಗೊತ್ತಾದ ಮೇಲೆ ಎಷ್ಟೋ ಬಾಕ್ಸ್‌ಸ್ಟರ್ ಮಾಲೀಕರು ಇಡೀ ಜೋಡಣೆ ಕೊಳ್ಳೋದು ತಪ್ಪಿತು.

ಆ ಸಂಖ್ಯೆಯನ್ನ ಓದೋಕೂ ಒಂದು ಕ್ರಮ ಇದೆ. ಮೊದಲ ಮೂರು ಅಕ್ಷರ, ಅಂದ್ರೆ 4ಎ0, ಈ ತುಂಡನ್ನ ಮೊದಲು ಯಾವ ಕಾರಿಗಾಗಿ ಮಾಡಿದ್ರು ಅಂತ ಹೇಳುತ್ತೆ. 905ರಲ್ಲಿ 9 ಅಂದ್ರೆ ವಿದ್ಯುತ್ ವಿಭಾಗ, 05 ಅಂದ್ರೆ ಇಗ್ನಿಷನ್. 849 ತುಂಡಿನದೇ ಸಂಖ್ಯೆ. ಕೊನೆಯ ಬಿ ಅಂದ್ರೆ ಪರಿಷ್ಕರಣೆ: ಮೊದಲಿನ ವಿನ್ಯಾಸದಲ್ಲಿ ಏನೋ ಬದಲಾಗಿದೆ, ಹುಷಾರು ಅಂತ. ಸಾವಿರಾರು ಕಿಲೋಮೀಟರ್ ದೂರದ ಮೆಕ್ಯಾನಿಕ್‌ಗೆ ವಿನ್ಯಾಸ ಮಾಡಿದವರು ಹೇಳೋ ಮಾತು ಆ ಒಂದಕ್ಷರದಲ್ಲಿದೆ.

ಆ ಮಾತು ಹೇಳದೇ ಹೋದ್ರೆ ಏನಾಗುತ್ತೆ? ಈಗ ಅಮೆರಿಕದ ಕಥೆ.

ಸಂಖ್ಯೆ ಬದಲಾಗದ ಸ್ವಿಚ್

ಜನರಲ್ ಮೋಟರ್ಸ್ ಕಂಪನಿ 2000ದ ದಶಕದಲ್ಲಿ ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಥರದ ಸಣ್ಣ ಕಾರುಗಳಿಗೆ ಒಂದೇ ಇಗ್ನಿಷನ್ ಸ್ವಿಚ್ ಬಳಸಿತು. ಪಾಂಟಿಯಾಕ್ ಸಾಲ್ಸ್ಟಿಸ್, ಸ್ಯಾಟರ್ನ್ ಸ್ಕೈ ಅನ್ನೋ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲೂ ಅದೇ ಇತ್ತು. ಸ್ವಿಚ್ ಒಂದೊಂದು ಸ್ಥಾನದಲ್ಲೂ ಕಟ್ ಅಂತ ನಿಲ್ಲೋಕೆ ಒಳಗೆ ಒಂದು ಪುಟ್ಟ ಪಿನ್, ಅದರ ಹಿಂದೆ ಸ್ಪ್ರಿಂಗ್ ಇರುತ್ತೆ. ಕೀ ತಿರುಗಿಸೋಕೆ ಬೇಕಾದ ಟಾರ್ಕ್ 20 ನ್ಯೂಟನ್-ಸೆಂಟಿಮೀಟರ್, ಹೆಚ್ಚುಕಮ್ಮಿ 5, ಅಂತ ಕಂಪನಿಯೇ ಬರೆದಿತ್ತು. ಅಂದ್ರೆ ಕನಿಷ್ಠ 15. ತಯಾರಾದ ಸ್ವಿಚ್ಚುಗಳು ಅದಕ್ಕಿಂತ ಕಡಿಮೆ ಬಲಕ್ಕೇ ತಿರುಗುತ್ತಿದ್ದವು. ಆದ್ರೂ ಅವೇ ಕಾರಿಗೆ ಸೇರಿದವು.

ಕಡಿಮೆ ಅಂದ್ರೆ ಏನು ಮಹಾ ಅನಿಸಬಹುದು. ಒಂದು ಅಂದಾಜು ಲೆಕ್ಕ: 200 ಗ್ರಾಂ ತೂಕದ ಕೀ ಗೊಂಚಲು, ಕೀಯ ಅಕ್ಷದಿಂದ 2 ಸೆಂಟಿಮೀಟರ್ ಆಚೆ ನೇತಾಡ್ತಿದೆ. ಸುಮ್ಮನಿದ್ದಾಗ ಅದರ ಟಾರ್ಕ್ ಸುಮಾರು 4 ನ್ಯೂಟನ್-ಸೆಂಟಿಮೀಟರ್. ರಸ್ತೆ ಗುಂಡಿಗೆ ಬಿದ್ದು ಮೂರು ಪಟ್ಟು ಕುಕ್ಕಿದ್ರೆ 12. ಕಾಗದದ ಮೇಲಿದ್ದ 15ರ ಸ್ವಿಚ್ ಇದನ್ನ ತಡೀತಿತ್ತು. ಸಡಿಲ ಸ್ವಿಚ್ ತಡೆಯೋಲ್ಲ. ಕೀ ತಾನಾಗೇ ಆನ್‌ನಿಂದ ಹಿಂದಕ್ಕೆ ಜಾರುತ್ತೆ. ಓಡ್ತಿರೋ ಕಾರಿನ ಎಂಜಿನ್ ನಿಲ್ಲುತ್ತೆ, ಪವರ್ ಸ್ಟೀರಿಂಗ್ ಹೋಗುತ್ತೆ, ಬ್ರೇಕಿನ ಸಹಾಯವೂ ಹೆಚ್ಚು ಹೊತ್ತು ಉಳಿಯೋಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಕಾರು ಗುದ್ದಿದಾಗ ಏರ್‌ಬ್ಯಾಗ್ ತೆರೆಯೋಲ್ಲ, ಯಾಕಂದ್ರೆ ಕಾರು ಆಫ್ ಆಗಿದೆ ಅಂತ ಅದು ತಿಳ್ಕೊಂಡಿರುತ್ತೆ.

2006ರಲ್ಲಿ ಆ ಸ್ವಿಚ್ಚಿನ ಜವಾಬ್ದಾರಿ ಹೊತ್ತಿದ್ದ ಎಂಜಿನಿಯರ್ ಉದ್ದದ ಪಿನ್, ಗಟ್ಟಿ ಸ್ಪ್ರಿಂಗ್ ಇರೋ ಹೊಸ ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟರು. ಒಳ್ಳೇದೇ ಆಯ್ತಲ್ವಾ? ಆದ್ರೆ ಸಂಖ್ಯೆ ಬದಲಾಗಲಿಲ್ಲ. ಹಳೇ ಸ್ವಿಚ್ಚಿಗೂ ಹೊಸದಕ್ಕೂ ಒಂದೇ ಸಂಖ್ಯೆ, ಹೊರಗಿನಿಂದ ಒಂದೇ ರೂಪ. ಹೊಸ ವರ್ಷದ ಕಾರುಗಳಲ್ಲಿ ಏರ್‌ಬ್ಯಾಗ್ ತೊಂದರೆ ಯಾಕೆ ಕಾಣ್ತಿಲ್ಲ ಅಂತ ಕಂಪನಿಯೊಳಗೆ ತನಿಖೆ ಮಾಡ್ತಿದ್ದವರಿಗೂ ಅರ್ಥ ಆಗಲಿಲ್ಲ, ಯಾಕಂದ್ರೆ ದಾಖಲೆ ಪ್ರಕಾರ ಸ್ವಿಚ್ ಬದಲಾಗಿಯೇ ಇರಲಿಲ್ಲ. ಕೊನೆಗೆ ಗುಟ್ಟು ಬಯಲಾದದ್ದು ಒಂದು ಮೊಕದ್ದಮೆಯಲ್ಲಿ. 2010ರಲ್ಲಿ ಜಾರ್ಜಿಯಾದಲ್ಲಿ ಯುವತಿಯೊಬ್ಬಳು ಕೋಬಾಲ್ಟ್ ಅಪಘಾತದಲ್ಲಿ ತೀರಿಕೊಂಡಿದ್ದಳು. ಅವಳ ಮನೆಯವರ ಪರವಾಗಿ ಕೆಲಸ ಮಾಡಿದ ಎಂಜಿನಿಯರ್ ಒಬ್ಬರು ಕಾರಿನ ಸ್ವಿಚ್ಚನ್ನೂ ಅದೇ ಸಂಖ್ಯೆಯ ಹೊಸ ಸ್ವಿಚ್ಚನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿದ್ರು. ಪಿನ್ನಿನ ಉದ್ದ ಬೇರೆ ಇತ್ತು.

2014ರ ಫೆಬ್ರವರಿಯಲ್ಲಿ ಕಾರುಗಳನ್ನ ವಾಪಸ್ ಕರೆಯೋದು ಶುರುವಾಯ್ತು, ಮಾರ್ಚ್ ಕೊನೆಗೆ ಅದು ಸುಮಾರು 26 ಲಕ್ಷ ಮುಟ್ಟಿತು. ಅದರಲ್ಲಿ ಅಮೆರಿಕದ 8 ಲಕ್ಷಕ್ಕೂ ಹೆಚ್ಚು ಕಾರುಗಳು 2008ರ ನಂತರದವು, ಅಂದ್ರೆ ಕಾರ್ಖಾನೆಯಲ್ಲೇ ಒಳ್ಳೆಯ ಸ್ವಿಚ್ ಹಾಕಿಸಿಕೊಂಡು ಬಂದವು. ಅವನ್ನ ಯಾಕೆ ಕರೆದ್ರು ಗೊತ್ತಾ? ರಿಪೇರಿಗೆ ಬಂದಾಗ ಯಾರೋ ಮೆಕ್ಯಾನಿಕ್ ಹಳೇ ದಾಸ್ತಾನಿನ ಸ್ವಿಚ್ ಹಾಕಿರಬಹುದು, ಯಾವ ಕಾರಿಗೆ ಯಾವುದು ಹೋಯ್ತು ಅಂತ ಹೇಳೋಕೆ ದಾರಿಯೇ ಇರಲಿಲ್ಲ. ಮೆಕ್ಯಾನಿಕ್ ತಪ್ಪು ಏನೂ ಮಾಡಿರಲಿಲ್ಲ. ಸಂಖ್ಯೆ ನೋಡಿ, ಸರಿಯಾದ ತುಂಡನ್ನೇ ಹಾಕಿದ್ದ.

ಕಂಪನಿ ಸ್ಥಾಪಿಸಿದ ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ಒಪ್ಪಿಕೊಂಡಿತು. 2015ರಲ್ಲಿ ಅಮೆರಿಕ ಸರ್ಕಾರದ ಜೊತೆಗಿನ ಒಪ್ಪಂದದಲ್ಲಿ ಕಂಪನಿ 90 ಕೋಟಿ ಡಾಲರ್ ಕಟ್ಟಿತು. ಸಂಸತ್ತಿನ ವಿಚಾರಣೆಯಲ್ಲಿ ಹೇಳಲಾದ ಪ್ರಕಾರ, ಒಂದು ಸ್ವಿಚ್ ಸರಿಪಡಿಸೋ ಬಿಡಿಭಾಗದ ಬೆಲೆ 57 ಸೆಂಟ್.

ನಮಗೆ ಇದರಿಂದ ಏನು?

ಸದ್ಯಕ್ಕೆ ಮಾಡಬಹುದಾದ್ದು ಎರಡಿವೆ. ಮನೆ ಬೀಗದ ಕೀ, ಹಾಸ್ಟೆಲ್ ಕೀ, ಪೆನ್‌ಡ್ರೈವ್, ಬಾಟಲ್ ಓಪನರ್ ಎಲ್ಲಾ ಗಾಡಿ ಕೀಗೇ ನೇತುಹಾಕಿರೋ ಮಹಾಶಯರು ಇವತ್ತೇ ಬೇರೆ ಮಾಡಿ. ವಾಪಸ್ ಕರೆದ ಕಾರು ರಿಪೇರಿ ಆಗೋ ತನಕ ಅಮೆರಿಕದ ಮಾಲೀಕರಿಗೆ ಕೊಟ್ಟ ಸಲಹೆಯೂ ಇದೇ. ಮತ್ತೆ ನಿಮ್ಮ ಮನೆಯ ಗಾಡಿಯ ಕೀ ಸಡಿಲ ಆಗಿದ್ರೆ, ಓಡ್ತಿರುವಾಗ ಡ್ಯಾಶ್ ದೀಪ ಒಂದು ಕ್ಷಣ ಹೋಗಿ ಬಂದ್ರೆ, ಅಡ್ಜಸ್ಟ್ ಮಾಡ್ಕೊಂಡು ಓಡಿಸಬೇಡಿ, ತೋರಿಸಿ.

ಮೂರನೆಯದು ಮುಂದಕ್ಕೆ. ನಮ್ಮಲ್ಲಿ ಕೆಲವರು ಈಗಾಗಲೇ ಕ್ಯಾಡ್ ಫೈಲುಗಳಿಗೆ ಫೈನಲ್, ಫೈನಲ್ ಟೂ, ಲೇಟೆಸ್ಟ್ ಫೈನಲ್ ಅಂತ ಹೆಸರಿಡೋದರಲ್ಲಿ ಪಂಡಿತರು. ಇನ್ನು ಮೂರು ವರ್ಷಕ್ಕೆ ನಮ್ಮ ಚಿತ್ರ ನೋಡಿ ಯಾರೋ ತುಂಡು ತಯಾರಿಸ್ತಾರೆ, ಇನ್ಯಾರೋ ಅದನ್ನ ಡ್ಯಾಶ್ ಕೆಳಗೆ ಮಲಗಿ ಜೋಡಿಸ್ತಾರೆ. ಅವರಿಗೆ ನಮ್ಮ ಮುಖ ಗೊತ್ತಿರೋಲ್ಲ, ತುಂಡಿನ ಮೇಲಿರೋ ಸಂಖ್ಯೆ ಮಾತ್ರ ಗೊತ್ತಿರುತ್ತೆ. ಪಿನ್ ಒಂದು ಮಿಲಿಮೀಟರ್ ಬದಲಿಸಿದ್ರೂ ಆ ಕೊನೆಯ ಅಕ್ಷರ ಬದಲಿಸೋ ಅಭ್ಯಾಸವನ್ನ ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿನಿಂದಲೇ ಶುರು ಮಾಡೋಣ.

ಬಿಚ್ಚಿದ ಸ್ಕೂಟರ್ ಸ್ವಿಚ್ ಕನ್ನಡ ಸಂಘದ ಮೇಜಿನ ಮೇಲಿದೆ. ಸುಟ್ಟ ಹಿತ್ತಾಳೆ ಪಟ್ಟಿ ಹೇಗಿರುತ್ತೆ ಅಂತ ನೋಡೋ ಆಸೆ ಇದ್ರೆ ಬನ್ನಿ. ಮುಂದಿನ ಸಂಚಿಕೆಯಲ್ಲಿ ರಿಲೇ ಬಗ್ಗೆ ಬರೀತೀವಿ.